ತಮ್ಮನ ದನಿ ಇಳಿಸಿದ ಮಧ್ಯಾಹ್ನ

ಕಾರ್ಯಕ್ರಮ ಶುರುವಾದ ಮೇಲೆ ವೇದಿಕೆ ಮೇಲೆ ಹಾಡುವವರಿಗೂ ಎದುರಿಗೆ ದನಿ ಏರಿಸಿ ಇಳಿಸುವ ಮಿಕ್ಸರ್ ಮುಂದೆ ಕೂತವರಿಗೂ ಬಾಯಿಮಾತು ಇರುವುದಿಲ್ಲ. ಎಲ್ಲ ಕೈಯಲ್ಲೇ. ಹಾಡುವವರು ಕಿವಿಯ ಹತ್ತಿರ ಕೈ ತಂದು ಬೆರಳು ಮೇಲಕ್ಕೆತ್ತಿದರೆ, ನನ್ನ ದನಿ ನನಗೆ ಕೇಳುತ್ತಿಲ್ಲ, ಮಾನಿಟರ್ ಜಾಸ್ತಿ ಮಾಡು ಅಂತ ಅರ್ಥ. ಮಾನಿಟರ್ ಅಂದರೆ ಹಾಡುವವರ ಕಾಲ ಬಳಿ ಅವರ ಕಡೆಗೇ ಮುಖ ಮಾಡಿ ಇಟ್ಟಿರುವ ಸ್ಪೀಕರ್ ಬಾಕ್ಸು. ನಾವು ಹೆಬ್ಬೆರಳು ತೋರಿಸಿದರೆ, ಮಾಡಿದೆ ಅಂತ.

ಹಾಸನದಲ್ಲಿ ಒಂದು ಭಾನುವಾರ ಮಧ್ಯಾಹ್ನ ನನ್ನ ತಮ್ಮ ಮೂರು ಸಲ ಬೆರಳು ಎತ್ತಿದ. ಮೂರು ಸಲವೂ ನಾನು ಹೆಬ್ಬೆರಳು ತೋರಿಸಿದೆ. ಒಂದು ಸಲವೂ ಜಾಸ್ತಿ ಮಾಡಲಿಲ್ಲ.

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಹೊಳೆನರಸೀಪುರದಲ್ಲಿ ಅಪ್ಪ ನಡೆಸುತ್ತಿದ್ದ ಮೈಕ್‌ಸೆಟ್ ಅಂಗಡಿಯನ್ನು ಅವರು ಹೋದ ಮೇಲೆ ನಾನೇ ನೋಡಿಕೊಳ್ಳುತ್ತೇನೆ. ಮಿಕ್ಸರಿನ ಮೇಲಿರುವ ಇಂಗ್ಲಿಷನ್ನು ಓದಿ ಕಲಿತದ್ದಲ್ಲ. ಯಾವುದು ಎಲ್ಲಿದೆ ಅಂತ ಬೆರಳಿಗೆ ಗೊತ್ತು. ಬರೆಯುವುದು ಬೆರಳಿಗೆ ಅಷ್ಟು ಬರುವುದಿಲ್ಲ. ಆದರೂ ಬರೆಯುತ್ತಿದ್ದೇನೆ.

ತಮ್ಮ ನನಗಿಂತ ಒಂಬತ್ತು ವರ್ಷ ಚಿಕ್ಕವನು. ನಾಲ್ಕು ಜನರ ಮೆಟಲ್ ಬ್ಯಾಂಡಿನಲ್ಲಿ ಹಾಡುತ್ತಾನೆ. ಅವರ ಅಭ್ಯಾಸ ನಮ್ಮ ಬಾಕ್ಸ್‌ಗಳನ್ನು ಇಡುವ ಗೋಡೌನಿನಲ್ಲಿ. ಅವರ ಎಲ್ಲ ಕಾರ್ಯಕ್ರಮಕ್ಕೂ ಮಿಕ್ಸರ್ ನನ್ನದೇ. ಮೊದಲು ಮಾಡಿದ ಏಳು ಹಾಡುಗಳಲ್ಲಿ ಗಿಟಾರು ಜೋರಾಗಿದ್ದರೂ ತಮ್ಮನ ದನಿ ತಿಳಿಯಾಗಿತ್ತು. ಮಾತು ಮಾತೂ ಕೇಳುತ್ತಿತ್ತು. ಹಾಸನದ ಕಾಲೇಜು ಹುಡುಗರಿಗೆ ಅವು ಬಾಯಿಪಾಠ. ಅಡುಗೆಮನೆಯಲ್ಲಿ ಅವ್ವ ಕೂಡ ಒಂದನ್ನು ಗುನುಗುತ್ತಿದ್ದಳು.

ಶ್ರುತಿ ಇಳಿಸುವ ಮಾತು ತೆಗೆದವನು ಬೇಸ್ ಗಿಟಾರಿನವನು. ರುದ್ರಪಟ್ಟಣದವನು, ಮನೆ ತುಂಬ ಸಂಗೀತದವರು. ‘ನಾವು ಬರೆದಿರೋ ಮಾತು ಇಷ್ಟು ಭಾರ ಇದೆ, ಶ್ರುತಿ ಮಾತ್ರ ಮೇಲಿದೆ. ಎರಡು ಮನೆ ಕೆಳಗಿಳಿಸಿ ನೋಡೋಣ’ ಅಂದ. ಗಿಟಾರಿನವನು ದಪ್ಪ ತಂತಿ ಹಾಕಿಕೊಂಡು ಬಂದ. ಹಾಗೆ ಇಳಿಸಿ ಬಾರಿಸಿದ ದಿನ ಗೋಡೌನಿನ ತಗಡು ಗಡಗಡ ಅಂದಿತು. ಬಾಕ್ಸ್ ಮೇಲಿದ್ದ ಟೀ ಲೋಟ ತಾನಾಗೇ ಜರುಗಿಕೊಂಡು ಹೋಗಿ ಕೆಳಗೆ ಬಿತ್ತು. ಡ್ರಮ್ಸ್‌ನವನು ಲೋಟ ನೋಡಿ, ‘ಪಾಸಾಯ್ತು ಬುಡ್ರಲಾ’ ಅಂದ.

ಗಿಟಾರು ಅಷ್ಟು ಕೆಳಗೆ ಹೋದ ಮೇಲೆ ಹಳೇ ದನಿ ಅದರ ಮೇಲೆ ಕೂರಲಿಲ್ಲ. ತಮ್ಮ ಹೊಸದನ್ನು ಕಲಿಯಲು ಹೊರಟ. ಗಂಟಲಿನ ಆಳದಿಂದ ಬರುವ, ಗೊರಗೊರ ಅನ್ನುವ ಗರ್ಜನೆ. ಆರು ತಿಂಗಳು ದಿನಾ ಬೆಳಿಗ್ಗೆ ಹೊಳೆ ದಂಡೆಗೆ ಹೋಗುತ್ತಿದ್ದ. ನೀರಿನ ಬಾಟಲಿಗೆ ಸ್ಟ್ರಾ ಹಾಕಿ ಗುಳುಗುಳು ಊದುವುದು, ಹೊಟ್ಟೆ ಮೇಲೆ ಕೈ ಇಟ್ಟುಕೊಂಡು ಉಸಿರು ಹಿಡಿದು ಬಿಡುವುದು, ಆಮೇಲೆ ಹತ್ತೇ ನಿಮಿಷ ದನಿ. ಒಂದು ನಿಮಿಷವೂ ಹೆಚ್ಚಿಲ್ಲ. ನಾನು ಒಂದು ದಿನ, ‘ಇಂಗೇ ಅರಚ್ತಿದ್ರೆ ಗಂಟ್ಲು ಉಳೀತದೇನ್ಲಾ?’ ಅಂತ ಕೇಳಿದೆ.

‘ಇದು ಅರಚೋದಲ್ಲ ಕಣಕ್ಕ. ಅರಚಿದ್ರೆ ಎರಡೇ ದಿನಕ್ಕೆ ಎಕ್ಕುಟ್ಟೋಯ್ತದೆ. ಹತ್ರ ಬಂದು ಕೇಳು, ಸಣ್ಣ ದನೀನೇ ಇದು. ಮೈಕು ದೊಡ್ದು ಮಾಡ್ತದೆ. ನನ್ ದನಿ ನಂಗೆ ಕೇಳ್ತಿರ್ಬೇಕು ಅಷ್ಟೇಯ. ಕೇಳ್ದೆ ಇದ್ರೆ ಗೊತ್ತಿಲ್ದಂಗೆ ಜೋರು ಮಾಡ್ಬುಡ್ತೀನಿ, ಅಲ್ಲೇ ಇರೋದು ಡೇಂಜರ್ರು.’

ಹತ್ತಿರ ಹೋಗಿ ಕೇಳಿದೆ. ಅವನು ಹೇಳಿದ್ದು ನಿಜ. ಪಕ್ಕದವರ ಜೊತೆ ಮಾತಾಡುವಷ್ಟೇ ದನಿ. ಆದ್ದರಿಂದ ಅವನ ದನಿ ಅವನಿಗೆ ಕೇಳದಿದ್ದರೆ ಏನಾಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ.

ಹೊಸ ಹಾಡೊಂದನ್ನು ಯೂಟ್ಯೂಬಿಗೆ ಹಾಕಿದರು. ಭಾನುವಾರ ಇವರು ತಂತಿ ಬಿಗಿದುಕೊಳ್ಳುವಾಗ ಹಾಡಿನ ಕೆಳಗೆ ಬಂದ ಕಾಮೆಂಟುಗಳನ್ನು ಗಟ್ಟಿಯಾಗಿ ಓದುವುದು ಮೊದಲಿನಿಂದಲೂ ನನ್ನ ಕೆಲಸ. ಆ ವಾರ ಓದುವುದಕ್ಕೆ ಬಹಳ ಇತ್ತು.

‘ಗ್ರೈಂಡರಿಗೆ ಜಲ್ಲಿಕಲ್ಲು ಹಾಕಿದಂಗಿದೆ.’

‘ಹಳೇ ಸಿಂಗರ್ ಎಲ್ಲಿ? ಇವನ್ಯಾರು? ಡಾಕ್ಟರ್ ಹತ್ರ ತೋರಿಸಿ.’

‘ಮೊದಲು ನಿಮ್ಮ ಹಾಡು ಹಾಕಿದ್ರೆ ನಮ್ಮಮ್ಮನೂ ತಲೆ ಆಡಿಸ್ತಿದ್ರು. ಈಗ ಎದ್ದು ಬಂದು ಬಾಗಿಲು ಹಾಕ್ತಾರೆ.’ ಇದನ್ನು ಬರೆದವನು ಅರಕಲಗೂಡಿನ ಒಬ್ಬ ಹುಡುಗ. ಇವರ ಮೊದಲ ಹಾಡಿನಿಂದಲೂ ತಪ್ಪದೆ ಬರೆಯುತ್ತಿದ್ದವನು.

ತಮ್ಮ ಬಿದ್ದು ಬಿದ್ದು ನಕ್ಕ. ‘ಜಲ್ಲಿಕಲ್ಲು ಚೆನ್ನಾಗದೆ. ಮುಂದಿನ ಹಾಡ್ಗೆ ಅದೇ ಹೆಸ್ರು ಮಡಗಾನ.’

ಒಳ್ಳೆಯ ಮಾತುಗಳೂ ಇದ್ದವು. ‘ಎದೆ ಮೇಲೆ ಬಂಡೆ ಇಟ್ಟಂಗಾಯ್ತು, ಎತ್ತಬೇಡಿ’ ಅಂತ ಒಬ್ಬರು ಬರೆದಿದ್ದರು. ಅಂಥವನ್ನು ನಾನು ಸರಸರ ಓದಿ ದಾಟಿಸಿದೆ. ಬೈದವನ್ನು ನಿಧಾನವಾಗಿ ಓದಿದೆ. ಆಗ ಬೇಕೆಂದು ಮಾಡಿದೆ ಅನ್ನಿಸಿರಲಿಲ್ಲ. ಈಗ ಅನ್ನಿಸುತ್ತದೆ. ಆ ಹೊಸ ದನಿ ನನಗೆ ಇಷ್ಟವಿರಲಿಲ್ಲ. ನಾನು ಎತ್ತಿ ಆಡಿಸಿದ ಹುಡುಗನ ಬಾಯಿಂದ ಅದು ಬರುವುದನ್ನು ಕೇಳಲಾಗದೆ, ಅಭ್ಯಾಸದ ನಡುವೆ ಎದ್ದು ಅಂಗಡಿಗೆ ಹೋಗಿಬಿಡುತ್ತಿದ್ದೆ.

ಚನ್ನರಾಯಪಟ್ಟಣದಲ್ಲಿ ನೆಂಟರ ಮದುವೆಗೆ ಮೈಕ್‌ಸೆಟ್ ಹಾಕಿದ್ದೆ. ಊಟದ ಪಂಕ್ತಿಯಲ್ಲಿ ಸೋದರತ್ತೆ ಎದುರಿಗೆ ಕೂತರು. ‘ಏನವ್ವ, ನಿನ್ ತಮ್ಮಂಗೆ ಗಾಳಿಗೀಳಿ ಸೋಕ್ಯದಾ? ನಮ್ಮುಡುಗ ಮೊಬೈಲಲ್ಲಿ ಆಕ್ದ. ಎಮ್ಮೆ ಈಯೋವಾಗ ಬತ್ತದಲ್ಲ, ಆ ಸೌಂಡು.’

ಪಂಕ್ತಿಯೆಲ್ಲ ನಕ್ಕಿತು.

‘ಹಳೇ ಹಾಡೂ ಅವನ್ದೇ ಕಣತ್ತೆ’ ಅಂದೆ.

‘ಅದ್ ಚೆಂದಾಗಿತ್ತು. ಅದ್ನೇ ಹಾಡೋಕ್ ಏಳು. ನೀನಾದ್ರೂ ಏಳ್ಬಾರ್ದಾ, ಮೈಕು ನಿನ್ ಕೈಲೇ ಅದಲ್ಲ.’

ನಾನೂ ನಕ್ಕೆ. ಪಾಯಸ ಬಿಟ್ಟು ಎದ್ದೆ.

ಹಾಸನದ ಕಾರ್ಯಕ್ರಮ ಒಂದು ಹಳೇ ಕಲ್ಯಾಣ ಮಂಟಪದಲ್ಲಿ, ಮಧ್ಯಾಹ್ನ ಮೂರಕ್ಕೆ. ಹೊಸ ಹಾಡುಗಳನ್ನು ಜನರ ಎದುರಿಗೆ ಮೊದಲ ಸಲ ಹಾಡುವುದು. ಬೆಳಿಗ್ಗೆ ಎಂಟಕ್ಕೇ ಹೋಗಿ ಬಾಕ್ಸು ಏರಿಸಿ, ವೈರು ಎಳೆದು, ಡ್ರಮ್ಸಿಗೆ ಆರು ಮೈಕು ಹಾಕಿ, ಒಂದೊಂದೇ ಪರೀಕ್ಷೆ ಮಾಡಿದೆ. ನನ್ನ ಮಿಕ್ಸರಿನಲ್ಲಿ ಪೆನ್‌ಡ್ರೈವ್ ಹಾಕಿದರೆ ಪ್ರತಿ ಮೈಕಿನದೂ ಬೇರೆ ಬೇರೆಯಾಗಿ ರೆಕಾರ್ಡ್ ಆಗುತ್ತದೆ. ಅದನ್ನೂ ಹಾಕಿದೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಮಾನಿಟರಿಗೆ ದನಿ ಕಳಿಸುವುದಕ್ಕೆ ಮಿಕ್ಸರಿನಲ್ಲಿ ಎರಡು ದಾರಿ ಇದೆ. ಒಂದರಲ್ಲಿ, ಜನರ ಕಡೆಯ ಬಾಕ್ಸಿನಲ್ಲಿ ದನಿ ಇಳಿಸಿದರೂ ಹಾಡುವವರ ಮಾನಿಟರಿನಲ್ಲಿ ಇಳಿಯುವುದಿಲ್ಲ. ಇನ್ನೊಂದರಲ್ಲಿ, ಫೇಡರ್ ಅನ್ನುವ ಜಾರುಗುಂಡಿ ಒಂದನ್ನು ಕೆಳಗೆಳೆದರೆ ಎರಡೂ ಕಡೆ ಇಳಿಯುತ್ತದೆ. ಬ್ಯಾಂಡಿಗೆ ಮೊದಲನೆಯದೇ ಸರಿ. ಆದರೆ ನಮ್ಮ ಕೆಲಸ ಮುಕ್ಕಾಲು ಪಾಲು ಭಾಷಣ, ಹರಿಕಥೆ, ಮದುವೆ. ಮೈಕು ಕುಯ್ ಅಂತ ಕೂಗಿದರೆ ಒಂದೇ ಬೆರಳಲ್ಲಿ ಎರಡೂ ಕಡೆ ಅಡಗಲಿ ಅಂತ ಅಪ್ಪ ಯಾವಾಗಲೂ ಎರಡನೆಯದನ್ನೇ ಇಡುತ್ತಿದ್ದರು. ನಾನೂ ಹಾಗೇ.

ಗಿಟಾರಿನವನಿಗೆ ಇದು ಗೊತ್ತಿತ್ತು. ‘ಅಕ್ಕ, ಮಾನಿಟರ್ ಬದ್ಲಾಯಿಸಿದ್ರಾ?’ ಅಂತ ಕೂಗಿ ಕೇಳಿದ.

‘ಆಯ್ತಪ್ಪ, ಆಯ್ತು’ ಅಂದೆ. ಆಗಿರಲಿಲ್ಲ. ಊಟ ಮಾಡಿ ಬಂದು ಬದಲಾಯಿಸಿದರಾಯಿತು ಅಂದುಕೊಂಡಿದ್ದೆ. ಊಟ ಆಯಿತು, ಅದು ಮರೆತುಹೋಯಿತು.

ನೂರೈವತ್ತು ಜನ ಬಂದಿರಬಹುದು. ಮೊದಲ ಎರಡು ಹಳೇ ಹಾಡು. ಎಲ್ಲರೂ ಕೈ ಎತ್ತಿಕೊಂಡು ಜೊತೆಗೇ ಹಾಡಿದರು. ಮೂರನೆಯದು ಹೊಸದು. ಎತ್ತಿದ ಕೈಗಳು ಕೆಳಗೆ ಬಂದವು. ಹಲವರು ಕೈಕಟ್ಟಿ ನಿಂತರು. ನನ್ನ ಮುಂದಿದ್ದ ಹುಡುಗಿ ಪಕ್ಕದವಳ ಮುಖ ನೋಡಿ ತುಟಿ ಓರೆ ಮಾಡಿದಳು. ‘ಹಳೇದ್ ಹಾಡ್ರಲೋ’ ಅಂತ ಹಿಂದಿನಿಂದ ಯಾರೋ ಕೂಗಿದರು. ನನ್ನ ಕಿವಿ ಬಿಸಿಯಾಯಿತು.

ನಾಲ್ಕನೇ ಹಾಡಿನ ಮಧ್ಯೆ ಜನರ ನಡುವೆ ಜಾಗ ಬಿಟ್ಟುಕೊಂಡಿತು. ಏಳೆಂಟು ಹುಡುಗರು ಒಬ್ಬರಿಗೊಬ್ಬರು ಭುಜ ಕೊಟ್ಟು ನೂಕತೊಡಗಿದರು. ಒಬ್ಬ ದೂರದಿಂದ ಓಡಿಬಂದು ಇನ್ನೊಬ್ಬನಿಗೆ ಗುದ್ದಿದ. ನಾನು ಇವರ ಕಾರ್ಯಕ್ರಮದಲ್ಲಿ ಇದನ್ನು ಯಾವತ್ತೂ ಕಂಡಿರಲಿಲ್ಲ. ಹೊಡೆದಾಟ ಶುರುವಾಯಿತು ಅಂದುಕೊಂಡೆ. ಹಳೇ ಹಾಡಿನವರಿಗೂ ಹೊಸ ಹಾಡಿನವರಿಗೂ ಬಿತ್ತು ಅಂದುಕೊಂಡೆ.

ಗಲಾಟೆ ಆದರೆ ಮೊದಲು ಸೌಂಡ್ ಇಳಿಸು, ಯಾಕೆ ಅಂತ ಆಮೇಲೆ ಕೇಳು ಅಂತ ಅಪ್ಪ ಹೇಳಿಕೊಟ್ಟಿದ್ದರು. ಕಲ್ಲು ಬೀಳುವುದು ಮೊದಲು ಬಾಕ್ಸಿನ ಮೇಲೆ. ನನ್ನ ಕೈ ತಾನಾಗಿ ಹೋಯಿತು. ಆದರೆ ಇಡೀ ಸೌಂಡಿನ ಫೇಡರಿನ ಮೇಲೆ ಹೋಗಲಿಲ್ಲ. ತಮ್ಮನ ದನಿಯ ಫೇಡರಿನ ಮೇಲೆ ಹೋಯಿತು. ಮುಕ್ಕಾಲು ಭಾಗ ಕೆಳಗೆಳೆದೆ.

ಇಲ್ಲಿಯವರೆಗೆ ಮಾಡಿದ್ದನ್ನು ಹೆದರಿಕೆ ಅನ್ನಬಹುದು. ಅರ್ಧ ನಿಮಿಷ ಕಳೆದಿರಬೇಕು, ನೂಕುತ್ತಿದ್ದವರಲ್ಲಿ ಒಬ್ಬ ಜಾರಿ ಬಿದ್ದ. ಅವನ ಮೇಲೆ ಬೀಳುತ್ತಿದ್ದವರೆಲ್ಲ ಥಟ್ಟನೆ ನಿಂತರು. ಇಬ್ಬರು ಕಂಕುಳಿಗೆ ಕೈ ಕೊಟ್ಟು ಎತ್ತಿದರು. ಮೂರನೆಯವನು ನೆಲದಲ್ಲಿ ಬಿದ್ದಿದ್ದ ಕನ್ನಡಕ ಹುಡುಕಿ, ಅಂಗಿಯಲ್ಲಿ ಒರೆಸಿ ಅವನ ಮೂಗಿನ ಮೇಲೆ ಕೂರಿಸಿದ. ಎಲ್ಲರೂ ನಗುತ್ತಿದ್ದರು. ಮತ್ತೆ ನೂಕಾಟ ಶುರುವಾಯಿತು. ಅದು ಜಗಳವಲ್ಲ, ಅವರ ಕುಣಿತ ಅಂತ ನನಗೆ ಆಗಲೇ ತಿಳಿಯಿತು.

ತಮ್ಮ ಕಿವಿಯ ಹತ್ತಿರ ಕೈ ಇಟ್ಟು ಬೆರಳು ಎತ್ತಿದ. ನಾನು ಹೆಬ್ಬೆರಳು ತೋರಿಸಿದೆ. ಇನ್ನೊಂದು ಕೈ ಫೇಡರಿನ ಮೇಲೇ ಇತ್ತು. ಅರ್ಧ ಇಂಚು ಮೇಲೆ ತಳ್ಳಿದರೆ ಸಾಕಿತ್ತು. ತಳ್ಳಲಿಲ್ಲ. ಯಾಕೆಂದರೆ ಆ ದನಿ ಕೇಳದೇ ಹೋದಾಗ ನನಗೆ ನೆಮ್ಮದಿಯಾಗಿತ್ತು. ಗಿಟಾರು, ಡ್ರಮ್ಸು ಚೆನ್ನಾಗಿ ಕೇಳುತ್ತಿತ್ತು. ತುಟಿ ಓರೆ ಮಾಡಿದ ಹುಡುಗಿ ಈಗ ತಲೆ ಆಡಿಸುತ್ತಿದ್ದಳು. ಯಾರೂ ಹಳೇದ್ ಹಾಡ್ರಲೋ ಅನ್ನಲಿಲ್ಲ. ಹೀಗೇ ಮುಗಿದುಹೋಗಲಿ, ಯಾರೂ ಇವನನ್ನು ನೋಡಿ ನಗದೆ ಮನೆಗೆ ಹೋಗಲಿ ಅನ್ನಿಸಿತು.

ಇನ್ನೂ ಎರಡು ಹಾಡು. ಇನ್ನೂ ಎರಡು ಸಲ ಬೆರಳು. ಅವನ ಕತ್ತಿನ ನರ ಉಬ್ಬುವುದು ನನಗೆ ಅಲ್ಲಿಂದಲೇ ಕಾಣುತ್ತಿತ್ತು. ಹೊಳೆ ದಂಡೆಯಲ್ಲಿ ಯಾವತ್ತೂ ಉಬ್ಬುತ್ತಿರಲಿಲ್ಲ. ಕೊನೇ ಹಾಡಿನ ಕೊನೆಯಲ್ಲಿ ಅವನು ಬಾಯಿ ತೆರೆದ, ಹಾಗೇ ಮುಚ್ಚಿ, ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಒಳಗೆ ಹೋದ.

ಒಳಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ದನಿ ಹೋಗಿ ಗಾಳಿ ಮಾತ್ರ ಬರುತ್ತಿತ್ತು. ‘ಅಕ್ಕ, ಮಾನಿಟರಲ್ಲಿ ನಾನೇ ಇರ್ನಿಲ್ಲ.’

‘ಇದ್ದೆ ಕಣ್ಲಾ. ಡ್ರಮ್ಸು ಹತ್ರ ಆಯ್ತು, ಅದ್ಕೆ ಕೇಳ್ಸಿಲ್ಲ.’

ಅವನು ನನ್ನ ಮುಖ ನೋಡಿದ. ಆಮೇಲೆ ತಲೆ ಆಡಿಸಿದ. ನಂಬಿದ. ಮೈಕಿನ ವಿಷಯದಲ್ಲಿ ಅವನು ನನ್ನ ಮಾತನ್ನು ಯಾವತ್ತೂ ತೆಗೆದುಹಾಕಿದವನಲ್ಲ.

ಮಾರನೇ ದಿನ ಹಾಸನದಲ್ಲೇ ಗಂಟಲಿನ ಡಾಕ್ಟರ್ ಹತ್ತಿರ ಹೋದೆವು. ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಟಿವಿಯಲ್ಲಿ ತೋರಿಸಿದರು. ದನಿ ಹುಟ್ಟುವ ಎರಡು ಪದರ ಬೆಳ್ಳಗಿರಬೇಕಂತೆ. ಒಂದು ಪೂರಾ ಕೆಂಪಗಾಗಿತ್ತು. ‘ಒಳಗೆ ರಕ್ತನಾಳ ಒಡೆದಿದೆ. ಹದಿನಾಲ್ಕು ದಿನ ಒಂದು ಮಾತೂ ಆಡಬೇಡಿ. ಪಿಸುಮಾತೂ ಬೇಡ’ ಅಂದರು. ‘ಕೂಗಿಕೊಂಡ್ರಾ?’ ಅಂತ ಕೇಳಿದರು. ತಮ್ಮ ಇಲ್ಲ ಅಂತ ತಲೆ ಆಡಿಸಿದ. ಸ್ವಲ್ಪ ತಡೆದು, ಹೌದು ಅಂತ ಆಡಿಸಿದ. ನಾನು ಗೋಡೆ ಮೇಲಿದ್ದ ಕಿವಿಯ ಚಿತ್ರ ನೋಡುತ್ತ ನಿಂತಿದ್ದೆ.

ಮಾತಿಗೆ ಬದಲು ಅಂಗಡಿಯ ಹಳೇ ಆರ್ಡರ್ ಪುಸ್ತಕದಲ್ಲಿ ಬರೆದು ತೋರಿಸತೊಡಗಿದ. ‘ಸಾರು.’ ‘ಫ್ಯಾನ್ ಹಾಕು.’ ಅವ್ವ ದಿನಾ ಬೆಳಿಗ್ಗೆ ಅವನ ಗಂಟಲಿಗೂ ವಿಭೂತಿ ಹಚ್ಚುತ್ತಿದ್ದಳು. ‘ಬೇಡ ಅಂತ ಬಡ್ಕೊಂಡೆ, ಕೇಳಿದ್ನಾ ಇವ್ನು’ ಅಂತ ನನ್ನ ಹತ್ತಿರ ಹೇಳುತ್ತಿದ್ದಳು. ನಾನು ಹೂಂ ಅನ್ನುತ್ತಿದ್ದೆ.

ಮಂಟಪಕ್ಕೆ ಬಂದಿದ್ದವರು ಫೋನಿನಲ್ಲಿ ತೆಗೆದ ವಿಡಿಯೋಗಳು ಆ ವಾರ ಹರಿದಾಡಿದವು. ಕೆಳಗೆ ಬಂದ ಕಾಮೆಂಟುಗಳನ್ನು ಓದು ಅಂತ ತಮ್ಮ ಪುಸ್ತಕದಲ್ಲಿ ಬರೆದು ತೋರಿಸಿದ. ಓದಿದೆ. ಜನ ಬದಲಾಗಿದ್ದರು. ‘ಎರಡು ವಾರ ಬೈದೆ, ಈಗ ದಿನಾ ಆ ಹೊಸ ಹಾಡನ್ನೇ ಹಾಕ್ಕೋತೀನಿ’ ಅಂತ ಒಬ್ಬರು. ‘ನನ್ನ ಕನ್ನಡಕ ಎತ್ತಿಕೊಟ್ಟವನು ಯಾರು, ಟೀ ಕೊಡಿಸ್ತೀನಿ ಬಾ’ ಅಂತ ಇನ್ನೊಬ್ಬ. ಮಧ್ಯೆ ಮಧ್ಯೆ, ‘ವೋಕಲ್ ಎಲ್ಲಿ? ಮೈಕ್‌ಸೆಟ್‌ನವರು ನಿದ್ದೆ ಮಾಡ್ತಿದ್ರಾ?’ ಅಂತ. ಅವನ್ನು ಬಿಟ್ಟು ಓದಿದೆ. ಅರಕಲಗೂಡಿನ ಹುಡುಗ ಉದ್ದಕ್ಕೆ ಬರೆದಿದ್ದ. ‘ಬಾಗಿಲು ಹಾಕ್ತಾರೆ ಅಂತ ಬರೆದವನು ನಾನೇ. ಆಮೇಲೆ ಆ ದನಿ ತಲೆಯಿಂದ ಹೋಗಲೇ ಇಲ್ಲ. ಅದನ್ನ ಎದುರಿಗೆ ನಿಂತು ಕೇಳೋಕೆ ಅಂತಲೇ ಹಾಸನಕ್ಕೆ ಬಂದೆ. ಮೂರನೇ ಸಾಲಲ್ಲಿ ನಿಂತಿದ್ದೆ. ಹೊಸದರಲ್ಲಿ ಒಂದು ಹಾಡು ಕೇಳ್ತು, ಆಮೇಲೆ ಅವರು ಬಾಯಿ ತೆರೆಯೋದು ಕಾಣ್ತಿತ್ತು. ದನಿ ಬರಲಿಲ್ಲ.’

ಇದನ್ನು ಓದುವುದನ್ನು ಮೊದಲ ಎರಡು ಸಾಲಿಗೇ ನಿಲ್ಲಿಸಿದೆ.

ಹತ್ತನೇ ದಿನ ತಮ್ಮ ಆರ್ಡರ್ ಪುಸ್ತಕದ ಒಂದು ಹಾಳೆ ತುಂಬ ಬರೆದು ನನ್ನ ಮುಂದೆ ಇಟ್ಟ. ಬ್ಯಾಂಡಿನವರಿಗೆ ಬರೆದದ್ದು. ‘ತಪ್ಪು ನನ್ನದೇ. ಆರು ತಿಂಗಳು ಕಲಿತೆ ಅಂದುಕೊಂಡಿದ್ದೆ, ಕಲಿತಿರಲಿಲ್ಲ. ಜನರ ಮುಂದೆ ನಿಂತಾಗ ಅರಚಿಬಿಟ್ಟೆ. ಈ ದನಿ ನನ್ನ ಕೈಲಿ ಆಗುವುದಲ್ಲ. ಬೇರೆಯವರನ್ನು ನೋಡಿಕೊಳ್ಳಿ.’ ಕೆಳಗೆ ಸಣ್ಣಗೆ ನನಗೆ ಬರೆದಿದ್ದ. ‘ಭಾನುವಾರ ಬಂದಾಗ ಕೊಡ್ತೀನಿ. ಸರಿ ಇದೆಯಾ?’

ಅಂಗಡಿಗೆ ಯಾರೋ ಬಂದರು ಅಂತ ಎದ್ದು ಹೋದೆ. ಯಾರೂ ಬಂದಿರಲಿಲ್ಲ. ಮಿಕ್ಸರಿನಲ್ಲೇ ಉಳಿದಿದ್ದ ಪೆನ್‌ಡ್ರೈವ್ ಆಗ ಕಣ್ಣಿಗೆ ಬಿತ್ತು.

ಅದರಲ್ಲಿ ರೆಕಾರ್ಡ್ ಆಗುವುದು ಫೇಡರಿಗೆ ಬರುವ ಮೊದಲಿನ ದನಿ. ನಾನು ಎಷ್ಟು ಇಳಿಸಿದರೂ ಅಲ್ಲಿ ಇಳಿದಿರುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡು ತಮ್ಮನ ಮೈಕೊಂದನ್ನೇ ಹಾಕಿದೆ. ಗಿಟಾರಿಲ್ಲ, ದೂರದಲ್ಲಿ ಡ್ರಮ್ಸು, ಎದುರಿಗೆ ಅವನು. ಮೂರನೇ ಹಾಡಿನಲ್ಲಿ ದನಿ ಹೊಳೆ ದಂಡೆಯಲ್ಲಿ ಇದ್ದಷ್ಟೇ ಇತ್ತು. ಒಂದು ಗೆರೆ ಆಚೀಚೆ ಇರಲಿಲ್ಲ. ನಾಲ್ಕನೆಯದರ ಮಧ್ಯದಿಂದ ಅದು ಹಿಗ್ಗಲು ಶುರುವಾಯಿತು. ಹಾಡು ಮುಗಿದು ಜನ ಚಪ್ಪಾಳೆ ತಟ್ಟುವಾಗ, ಮೈಕಿಗೆ ಬಾಯಿ ಹತ್ತಿರ ತಂದು ಅವನು ಮಾತಾಡಿದ್ದ. ‘ಅಕ್ಕ, ಒಸಿ ಕೊಡಕ್ಕ.’ ಐದನೆಯದು ಮುಗಿದ ಮೇಲೆ ಮತ್ತೆ. ‘ಅಕ್ಕಾ. ನಂಗೇನೂ ಕೇಳ್ತಿಲ್ಲ.’

ಫೇಡರ್ ಕೆಳಗಿದ್ದದ್ದರಿಂದ ಮಂಟಪದಲ್ಲಿ ಇದು ಯಾರಿಗೂ ಕೇಳಿರಲಿಲ್ಲ.

ಆ ಪೆನ್‌ಡ್ರೈವನ್ನು ಅಳಿಸಿಬಿಟ್ಟರೆ ಇದನ್ನು ಕೇಳಿದವಳು ನಾನೊಬ್ಬಳೇ. ಹಾಗೆ ಯೋಚಿಸಿದ್ದು ನಿಜ. ಶನಿವಾರ ಸಂಜೆವರೆಗೂ ಯೋಚಿಸಿದೆ. ಭಾನುವಾರ ಬೆಳಿಗ್ಗೆ, ಉಳಿದವರು ಬರುವುದಕ್ಕೆ ಮೊದಲು, ತಮ್ಮನನ್ನು ಗೋಡೌನಿಗೆ ಕರೆದು ಮಿಕ್ಸರ್ ಮುಂದೆ ಕೂರಿಸಿದೆ.

‘ಮಾನಿಟರ್‌ನಲ್ಲಿ ನೀನಿರ್ನಿಲ್ಲ ಕಣ್ಲಾ. ನಾನೇ ಇಳ್ಸಿದ್ದೆ. ಗಲಾಟೆ ಅಂದ್ಕಂಡು ಇಳ್ಸಿದೆ, ಆಮೇಲೆ ಗಲಾಟೆ ಅಲ್ಲ ಅಂತ ಗೊತ್ತಾದ್ರೂ ಏರಿಸ್ನಿಲ್ಲ. ನಿನ್ ದನಿ ಕೇಳ್ಬಾರ್ದು ಅನ್ನಿಸ್ತು.’

ಅವನು ಪುಸ್ತಕ ಎಳೆದುಕೊಂಡು ‘ಎಷ್ಟು?’ ಅಂತ ಬರೆದ.

ಫೇಡರನ್ನು ಅವತ್ತಿನ ಜಾಗಕ್ಕೆ ಎಳೆದು ತೋರಿಸಿದೆ. ಅವನು ಅದನ್ನು ನೋಡಿದ. ಹೆಡ್‌ಫೋನ್ ಅವನೇ ಹಾಕಿಕೊಂಡ. ಮೂರನೇ ಹಾಡಿನಿಂದ ಕೊನೆವರೆಗೂ ಕೇಳಿದ. ಕೊನೇ ಹಾಡಿನಲ್ಲಿ ದನಿ ಒಡೆಯುವ ಜಾಗ ಯಾವುದು ಅಂತ ನನಗೆ ಗೊತ್ತಿತ್ತು. ಅಲ್ಲಿ ಕಣ್ಣು ಮುಚ್ಚಿದ. ಮತ್ತೆ ಹಿಂದಕ್ಕೆ ಹೋಗಿ ಮೂರನೆಯದನ್ನೇ ಇನ್ನೊಂದು ಸಲ ಕೇಳಿದ. ಹೆಡ್‌ಫೋನ್ ತೆಗೆದಿಟ್ಟು, ಬ್ಯಾಂಡಿನವರಿಗೆ ಬರೆದಿದ್ದ ಹಾಳೆ ಹರಿದು, ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿಗೆ ಹಾಕಿಕೊಂಡ. ನನ್ನ ಕಡೆ ನೋಡದೆ ಎದ್ದು ಹೋದ.

ಅವತ್ತು ಬಂದ ಮೂವರಿಗೂ ನಾನೇ ಹೇಳಿದೆ. ಡ್ರಮ್ಸ್‌ನವನು ಎದ್ದು ಹೊರಗೆ ಹೋದ. ಗಿಟಾರಿನವನು, ‘ನಾನು ಕೇಳಿದ್ನಲ್ಲಕ್ಕ’ ಅಂದ.

ಹದಿನಾಲ್ಕು ದಿನ ಮುಗಿದ ಬೆಳಿಗ್ಗೆ ತಮ್ಮ ಮೊದಲು ಮಾತಾಡಿದ್ದು ಅವ್ವನ ಹತ್ತಿರ. ‘ನೀರು ಬಿಸಿ ಅದೆ’ ಅಂದ. ಒರಟಾಗಿತ್ತು, ಆದರೆ ದನಿ. ಪಕ್ಕದ ಕೋಣೆಯಲ್ಲಿ ನಿಂತು ಕೇಳಿಸಿಕೊಂಡೆ. ನಾಲ್ಕು ತಿಂಗಳು ಮತ್ತೆ ಸ್ಟ್ರಾ, ಬಾಟಲಿ, ಹೊಳೆ ದಂಡೆ. ನನ್ನ ಹತ್ತಿರ ಮಾತು ಇಲ್ಲ ಅಂತಲ್ಲ. ‘ವ್ಯಾನ್ ಬಂತು’ ಅನ್ನುತ್ತಾನೆ. ‘ಊಟ ಆಯ್ತು’ ಅನ್ನುತ್ತಾನೆ.

ಈಚೆಗೆ ಅರಕಲಗೂಡಿನಲ್ಲಿ ಒಂದು ಸಣ್ಣ ಕಾರ್ಯಕ್ರಮ ಆಯಿತು. ಬಾಕ್ಸು, ವೈರು, ಮಿಕ್ಸರು ಎಲ್ಲ ನನ್ನದೇ. ಮಾನಿಟರಿನ ದಾರಿಯನ್ನು ಬೆಳಿಗ್ಗೆ ಬಂದ ಕೂಡಲೇ ಬದಲಾಯಿಸಿದೆ. ಮಿಕ್ಸರಿಗೆ ಕೂತದ್ದು ಮಾತ್ರ ಗಿಟಾರಿನವನು ಕರೆತಂದಿದ್ದ ಅವನ ಸ್ನೇಹಿತ. ನಾನು ವೇದಿಕೆಯ ಪಕ್ಕದಲ್ಲಿ ಉಳಿದ ವೈರು ಸುತ್ತುತ್ತ ಕೂತಿದ್ದೆ. ತೆಳ್ಳನೆಯ ಹುಡುಗನೊಬ್ಬ ಬಂದು ನಿಂತ. ‘ಅಕ್ಕ, ಮೈಕ್‌ಸೆಟ್ ನಿಮ್ದೇನಾ? ಹಾಸನದಲ್ಲಿ ಇವ್ರ ದನಿನೇ ಬರ್ನಿಲ್ಲ. ಇವತ್ತು ಬತ್ತದಾ?’

ಬರೆಯುತ್ತಿದ್ದವನು ಇವನೇ ಅಂತ ತಿಳಿಯಿತು. ‘ಬತ್ತದೆ’ ಅಂದೆ.

ಹೊಸ ಹಾಡು ಶುರುವಾಯಿತು. ಆ ದನಿ ಬಂತು. ಮುಂದಿನ ಸಾಲಿನವರು ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಮುಂದಕ್ಕೆ ನುಗ್ಗಿದರು. ಹಾಡಿನ ಮಧ್ಯೆ ತಮ್ಮ ಕಿವಿಯ ಹತ್ತಿರ ಕೈ ತಂದು ಬೆರಳು ಮೇಲಕ್ಕೆತ್ತಿದ. ವೈರು ಹಿಡಿದಿದ್ದ ನನ್ನ ಕೈಯಲ್ಲಿ ಹೆಬ್ಬೆರಳು ತಾನಾಗಿ ಎದ್ದಿತು. ಅವನು ನೋಡುತ್ತಿದ್ದದ್ದು ನನ್ನ ಕಡೆಗಲ್ಲ.